ಪಟ ಒಂದು, ಟೊಪ್ಪಿ ಒಂದು, ಬದಲಿ ಬಟ್ಟೆ

ಮೊನ್ನೆ ಶಾಲೆಯ ಕಪಾಟು ಖಾಲಿ ಮಾಡುವಾಗ ಎಂಟನೇ ಕ್ಲಾಸಿನ ಹಳೆಯ ವ್ಯಾಕರಣ ಪುಸ್ತಕದೊಳಗಿಂದ ಒಂದು ಚೀಟಿ ಉದುರಿತು. ಅಕ್ಷರ ನನ್ನದೇ. ಕನ್ನಡ ಟೀಚರಾದ ಮೇಲೆ ನನ್ನ ಅಕ್ಷರ ಎಷ್ಟು ದುಂಡಗಾಗಿದೆಯೆಂದರೆ, ಸಾಮಾನಿನ ಚೀಟಿ ಬರೆದು ಕೊಟ್ಟರೂ ಅಂಗಡಿಯವರು ಅದನ್ನು ಸುಭಾಷಿತವೆಂದು ಗೋಡೆಗೆ ಹಚ್ಚಿಯಾರು. ಚೀಟಿಯಲ್ಲಿ ಹೀಗಿತ್ತು: ಪಟ ಒಂದು. ಟೊಪ್ಪಿ ಒಂದು. ಬದಲಿ ಬಟ್ಟೆ. ಟವೆಲು. ಬಿಸಿಲಿಗೆ ಮುಖಕ್ಕೆ ಹಚ್ಚುವ ಕ್ರೀಮು. ಮೈಗೆ ಸರಿಯಾಗಿ ಕೂರುವ ಅಂಗಿ. ಕನ್ನಡಕಕ್ಕೆ ದಾರ. ಕುಡಿಯುವ ನೀರು. ಹಗುರ ತಿಂಡಿ. ಬಂಗಾರ ಬೇಡ.

ಕೊನೆಯ ಎರಡು ಪದದ ಕೆಳಗೆ ಎರಡು ಗೆರೆ ಎಳೆದಿದ್ದೆ. ಯಾರಾದರೂ ಓದಿದರೆ ಯಾವುದೋ ಹರಕೆಯ ಪಟ್ಟಿ ಅಂದುಕೊಳ್ಳಬೇಕು. ಆದರೆ ಅದು ಗಾಳಿಪಟದ ಕ್ಲಾಸಿಗೆ ಹೋಗುವಾಗ ಏನೇನು ತರಬೇಕೆಂಬ ಪಟ್ಟಿ. ನಗಬೇಡಿ. ಮನೆಪಾಠ ಎಲ್ಲದಕ್ಕೂ ಇರುವ ಕಾಲದಲ್ಲಿ ಗಾಳಿಪಟ ಏನು ಪಾಪ ಮಾಡಿದೆ?

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನಾನು ಗಂಗೊಳ್ಳಿಯಿಂದ ಬೈಂದೂರು ಕಡೆಯ ಒಂದು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತ್ರಾಸಿಯಲ್ಲಿ ಕಡಲು ರಸ್ತೆಯ ಬುಡಕ್ಕೇ ಬರುತ್ತದಲ್ಲ, ಅಲ್ಲಿ ಒಂದು ಸಂಜೆ ಬಸ್ಸಿನವರೆಲ್ಲ ಒಂದೇ ಕಡೆಗೆ ವಾಲಿದರು. ನೋಡಿದರೆ, ನೀರಿನ ಮೇಲೆ ಒಬ್ಬ ಮನುಷ್ಯ ನಿಂತುಕೊಂಡು ಹೋಗುತ್ತಿದ್ದಾನೆ! ಕಾಲ ಕೆಳಗೊಂದು ಹಲಗೆ, ತಲೆಯ ಮೇಲೆ ನಮ್ಮ ಮನೆಯ ಜಗಲಿಯಷ್ಟು ದೊಡ್ಡ ಕೆಂಪು ಗಾಳಿಪಟ. ದೋಣಿಯಿಲ್ಲ, ಹುಟ್ಟಿಲ್ಲ, ಇಂಜಿನ್ನಿಲ್ಲ. ಕಂಡಕ್ಟರು ಟಿಕೇಟು ಕೊಡುವುದನ್ನು ಬಿಟ್ಟು, "ಅವ ತೆಕ್ಕಟ್ಟೆ ಸುಧಾಕರ ಮರ್ರೆ, ಬೊಂಬಾಯಂಗಿದ್ದ, ಮತ್ತ್ ಗೋವಕ್ಕೆ ಹೋಯಿ ಇದ್ ಕಲ್ತ್ಕ ಬಂದ. ಕ್ಲಾಸ್ ಮಾಡ್ತ ಅಂಬ್ರ್" ಎಂದು ವರದಿ ಒಪ್ಪಿಸಿದ. ನಾನು ನನ್ನ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತು ಬಂದರಿನ ತನಕ ಹೋದೆ.

ನಿಮಗೆ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಇದೆಲ್ಲ ಹುಚ್ಚಾಟ ಅನ್ನಿಸೀತು. ನಾನು ಮೀನುಗಾರರ ಮನೆಯ ಮಗಳು. ಅಪ್ಪ ವಾರಗಟ್ಟಲೆ ಕಡಲಲ್ಲಿ, ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆಯಲ್ಲಿ. ಆದರೆ ನಮ್ಮ ಮನೆಯ ಹೆಂಗಸರು ಮೀನಿನ ದೋಣಿ ಹತ್ತುವಂತಿಲ್ಲ. ಕುಂದಾಪುರಕ್ಕೆ ದಾಟುವ ಕಡವಿನ ದೋಣಿ ಹತ್ತಬಹುದು, ಅದಕ್ಕೆ ದೋಷವಿಲ್ಲ. ಕಡಲಿಗೆ ಹೋಗುವ ದೋಣಿಗೆ ಮಾತ್ರ ಹೆಣ್ಣಿನ ಕಾಲು ಆಗದು. ಯಾಕೆ ಎಂದು ಕೇಳಿದರೆ "ಆತಿಲ್ಲೆ ಅಂದ್ರೆ ಆತಿಲ್ಲೆ" ಎಂಬ ಉತ್ತರ. ಹಾಗಾಗಿ ನಮಗೆಲ್ಲ ಕಡಲೆಂದರೆ ಮೊಣಕಾಲಿನವರೆಗೆ. ಅದರಾಚೆಯದು ಗಂಡಸರದ್ದು ಮತ್ತು ಬಂಗುಡೆಗಳದ್ದು.

ತೊಂಬತ್ತೇಳರಲ್ಲಿ ನಾನು ಆರನೇ ಕ್ಲಾಸು. ಆಗ ನಾವು ಗಾಳಿಪಟ ಮಾಡುತ್ತಿದ್ದೆವು. ಹಿಡಿಸೂಡಿ ಪೊರಕೆಯ ಕಡ್ಡಿ, ಹಳೆಯ ನೋಟ್‌ಬುಕ್ಕಿನ ಹಾಳೆ, ಅಪ್ಪನ ಬಲೆಯ ಸಾಮಾನಿನಿಂದ ಕದ್ದ ತಂಗೂಸಿ ದಾರ. ಅಂಟಿಗೆ ಅನ್ನದ ಅಗುಳು. ಇಲ್ಲೇ ತೊಂದರೆ. ನಮ್ಮ ಮನೆಯ ಕುಚ್ಚಲಕ್ಕಿ ಅನ್ನ ಯಾರಿಗೂ ಅಂಟುವಂಥದಲ್ಲ, ತಟ್ಟೆಗೇ ಅಂಟುವುದಿಲ್ಲ. ಬೆಳ್ತಿಗೆ ಅಕ್ಕಿಯ ಅನ್ನ ಬೇಕು, ಅದು ಹಬ್ಬಕ್ಕೆ ಮಾತ್ರ. ಹೀಗಾಗಿ ಗಂಗೊಳ್ಳಿಯಲ್ಲಿ ನನ್ನ ಗಾಳಿಪಟಗಳು ಗಾಳಿ ನೋಡಿ ಏಳುತ್ತಿರಲಿಲ್ಲ, ಪಂಚಾಂಗ ನೋಡಿ ಏಳುತ್ತಿದ್ದವು. ಒಮ್ಮೆ ಹಾಗೆ ಎದ್ದ ಒಂದು ಪಟ ಬಂದರಿನಲ್ಲಿ ಹೊರಟು ನಿಂತಿದ್ದ ದೋಣಿಯ ಕಂಬಕ್ಕೆ ಸಿಕ್ಕಿಬಿತ್ತು. ನಾನು ದಡದಲ್ಲಿ ಕುಣಿದೆ, ಕೂಗಿದೆ. ದೋಣಿ ನಿಲ್ಲಲಿಲ್ಲ. ಗಣಿತದಲ್ಲಿ ನನಗೆ ಬಿದ್ದ ಹನ್ನೆರಡು ಮಾರ್ಕು ಕೆಂಪು ಶಾಯಿಯಲ್ಲಿ ಆ ಪಟದ ಮೇಲಿತ್ತು. ನನ್ನ ಹನ್ನೆರಡು ಮಾರ್ಕು ಆಳಕಡಲಿಗೆ ಹೋಗಿ ಮೂರು ದಿನ ಇದ್ದು ಬಂತು, ನಾನು ಹೋಗಲಿಲ್ಲ. ಆ ಹೊಟ್ಟೆಕಿಚ್ಚು ನನಗೆ ಇನ್ನೂ ಇಳಿದಿಲ್ಲ ಎಂದರೆ ನಂಬಿ.

ಆದ್ದರಿಂದ ಕೆಂಪು ಗಾಳಿಪಟದ ಮನುಷ್ಯನನ್ನು ಕಂಡ ದಿನ ನಾನು ಮನಸ್ಸಿನಲ್ಲೇ ಕಾನೂನು ಓದಿದೆ. ದೋಣಿ ಹತ್ತಬಾರದು ಎಂದಿದ್ದಾರೆ, ಹಲಗೆ ಹತ್ತಬಾರದು ಎಂದು ಯಾರೂ ಹೇಳಿಲ್ಲ. ಒಂದೇ ಒಂದು ಸಲ ಮೊಣಕಾಲಿನಾಚೆಯ ಕಡಲನ್ನು ನಾನು ನೋಡಬೇಕು. ಇಷ್ಟೇ ನನ್ನ ಆಸೆ.

ಕಂಡಕ್ಟರಿಂದಲೇ ನಂಬರು ಪಡೆದು ಫೋನು ಮಾಡಿದೆ. ಗಾಳಿಯ ಸದ್ದಿನ ನಡುವೆ ಒಂದು ದನಿ, "ಹ್ವಾಯ್, ಯಾರ್?" ಎಂದಿತು.

"ನಾನ್ ಗಂಗೊಳ್ಳಿಯಿಂದ, ಟೀಚರ್. ಕ್ಲಾಸಿಗೆ ಬಪ್ಪುಕೆ ಎಂತೆಂತ ತರ್ಕ್?"

"ಬರ್ಕಣಿ ಟೀಚ್ರೇ. ಮೊದ್ಲ್ ಒಂದ್ ಪಟ."

"ಪಟ ನಾನೇ ತರ್ಕಾ?"

"ಮತ್ತೆ? ನಿಮ್ ಪಟ ನೀವೇ ಅಲ್ದಾ ತರೂದ್? ಸಣ್ಣದ್ ಸಾಕ್."

"ಬಣ್ಣದ್ದಾ?"

"ಬಣ್ಣದ್ದಾರೂ ಅಡ್ಡಿಲ್ಲೆ, ಕಪ್ಪು ಬಿಳಿ ಆರೂ ಅಡ್ಡಿಲ್ಲೆ. ಹಳಿದ್ ಮಾತ್ರ ತರ್ಬೇಡಿ."

ಉಳಿದದ್ದನ್ನೂ ಅವನು ಹೇಳುತ್ತ ಹೋದ, ನಾನು ಬರೆದುಕೊಂಡೆ. ಈಗ ನಿಮಗೆ ಗೊತ್ತಾಗಿರಬೇಕು, ನನಗೆ ಆಗಲಿಲ್ಲ. ನಮ್ಮ ಕಡೆ ಪಟ ಎಂದರೆ ಗಾಳಿಪಟವೂ ಹೌದು, ಫೋಟೋವೂ ಹೌದು. ಮದುವೆಮನೆಯಲ್ಲಿ "ಪಟ ತೆಗೂಕೆ ಬಂದ" ಎಂದರೆ ಕ್ಯಾಮರಾದವನು ಬಂದ ಎಂದೇ ಅರ್ಥ. ಅದೇ ತಿಂಗಳು ನಾನು ಎಂಟನೇ ಕ್ಲಾಸಿಗೆ ನಾನಾರ್ಥ ಪಾಠ ಮಾಡುತ್ತ 'ಪಟ: ಬಟ್ಟೆ, ಚಿತ್ರ, ಗಾಳಿಪಟ, ಹಾಯಿ' ಎಂದು ಬೋರ್ಡಿನ ಮೇಲೆ ಬರೆದು, ಎರಡು ಸಲ ಹೇಳಿಸಿ, ತಪ್ಪಿದವರಿಗೆ ಹತ್ತು ಸಲ ಬರೆಯಲು ಕೊಟ್ಟಿದ್ದೆ. ಅಂಥ ನಾನು ಶನಿವಾರ ಸಂಜೆ ಬೆಳ್ತಿಗೆ ಅಕ್ಕಿ ಬೇಯಿಸಿ, ಹಿಡಿಸೂಡಿ ಬಿಚ್ಚಿ, ನೀಲಿ ಬಣ್ಣದ ಕಾಗದದ ಒಂದು ಗಾಳಿಪಟ ಮಾಡಿದೆ. ಅವನು ಸಣ್ಣದು ಸಾಕು ಎಂದಿದ್ದಕ್ಕೆ ಅಳತೆ ಮಾಡಿ ಒಂದೂವರೆ ಅಡಿಗೆ ನಿಲ್ಲಿಸಿದೆ.

ಇತ್ತ ಚೀಟಿ ಅಮ್ಮನ ಕೈಗೆ ಸಿಕ್ಕಿತ್ತು. ಅಮ್ಮ ನಾಲ್ಕನೇ ಕ್ಲಾಸು, ಅಕ್ಷರ ಕೂಡಿಸಿ ಓದುತ್ತಾಳೆ. ಇಪ್ಪತ್ತೆಂಟು ವರ್ಷದ ಮಗಳು ಭಾನುವಾರ ಎಲ್ಲಿಗೋ ಹೊರಟಿದ್ದಾಳೆ. ಚೀಟಿ ನೋಡಿದರೆ ಪಟ, ಬದಲಿ ಬಟ್ಟೆ, ಮುಖಕ್ಕೆ ಹಚ್ಚುವ ಕ್ರೀಮು, ಮೈಗೆ ಸರಿಯಾಗಿ ಕೂರುವ ಅಂಗಿ. ಅಮ್ಮನಿಗೆ ಕಣ್ಣಲ್ಲಿ ನೀರೇ ಬಂತಂತೆ. ಎಷ್ಟು ವರ್ಷದಿಂದ ಗಂಡಿನ ಕಡೆಯವರಿಗೆ ತೋರಿಸಲು ಒಂದು ಒಳ್ಳೆಯ ಪಟ ತೆಗೆಸಿಕೋ ಎಂದು ಗೋಗರೆದಿದ್ದಳು, ಈಗ ಹುಡುಗಿಗೆ ತಾನಾಗಿಯೇ ಬುದ್ಧಿ ಬಂದಿದೆ! ಒಂದೇ ಒಂದು ಮಾತು ಅವಳಿಗೆ ಸರಿಹೋಗಲಿಲ್ಲ.

"ಬಂಗಾರ ಬ್ಯಾಡ ಅಂದ್ರೆ ಎಂತದ್ ಹೆಣೆ? ಬಂಗಾರ ಇಲ್ದೆ ಯಾರಾರೂ ಪಟ ತೆಗ್ಸ್ತ್ರಾ?"

"ಅಲ್ಲಿ ಬ್ಯಾಡ ಅಂದ್ರ್ ಅಮ್ಮ. ಕಳ್ದ್ ಹೋತ್ತ್."

"ಕಳ್ದ್ ಹೋಪುಕೆ ನಾನ್ ಬಿಡೂದಾ? ನಾನೂ ಬತ್ತೆ."

ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಕಡಲಿನ ವಿಷಯ ಹೇಳಿದರೆ ನನ್ನನ್ನೂ ಬಿಡುವುದಿಲ್ಲ ಎಂದು ನಾನೂ ಬಾಯಿ ಮುಚ್ಚಿದೆ. ಹೀಗೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ತ್ರಾಸಿಯಲ್ಲಿ ನಾವಿಬ್ಬರು ಬಸ್ಸಿಳಿದೆವು. ನಾನು ಹಳೆಯ ಚೂಡಿದಾರದಲ್ಲಿ, ಕೈಯಲ್ಲಿ ನೀಲಿ ಗಾಳಿಪಟ, ಅದು ಶಾಲೆಯ ಮಕ್ಕಳಿಗೆಂದು ಅಮ್ಮನಿಗೆ ಹೇಳಿದ್ದೆ. ಅಮ್ಮ ಜರಿ ಸೀರೆಯಲ್ಲಿ, ತಲೆಗೆ ಅಬ್ಬಲಿಗೆ ಹೂ, ಕೈಯಲ್ಲಿ ಎರಡು ಚೀಲ. ಟೊಪ್ಪಿ ಎಂದು ಬರೆದದ್ದಕ್ಕೆ ಅಡಿಕೆ ಹಾಳೆಯ ಟೊಪ್ಪಿ ತಂದಿದ್ದಳು. ಹಗುರ ತಿಂಡಿ ಎಂಬುದಕ್ಕೆ ಗಂಜಿ, ಒಣ ಸಿಗಡಿ ಚಟ್ನಿ ಮತ್ತು ಹನ್ನೊಂದು ಬಾಳೆಹಣ್ಣು. ಕ್ರೀಮಿನ ಬದಲು ತೆಂಗಿನೆಣ್ಣೆಗೆ ಅರಸಿನ ಕಲಸಿದ್ದು. ಬಂಗಾರ ಸೆರಗಿನ ಗಂಟಿನಲ್ಲಿತ್ತು.

ತೆಂಗಿನ ಮಡಲಿನ ಚಪ್ಪರದ ಕೆಳಗೆ ಗಡ್ಡ ಬಿಟ್ಟ, ಚಡ್ಡಿ ಹಾಕಿದ, ಬಿಸಿಲಿಗೆ ಕರಕಲಾದ ಮೂವತ್ತೈದರ ಆಸುಪಾಸಿನ ಒಬ್ಬ ಕುಳಿತಿದ್ದ. ಸುಧಾಕರ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನಾ ಪಟ ತೆಗೂದ್? ಇವ್ನೇ ಒಂದ್ ಅಂಗಿ ಹಾಯ್ಕಣ್ಲಿಲ್ಲೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮೂವತ್ತು ವರ್ಷ ಬೀದಿಯಲ್ಲಿ ಮೀನು ಕೂಗಿ ಮಾರಿದವಳ ಪಿಸುಮಾತು, ಅದು ಮರವಂತೆಯವರೆಗೂ ಕೇಳಿಸಿರಬೇಕು.

ಸುಧಾಕರ ನಗುತ್ತಲೇ ಎದ್ದು ಬಂದ. ನನ್ನ ಕೈ ನೋಡಿ, "ಟೀಚ್ರೇ, ಇದೆಂತ?" ಎಂದ.

"ಪಟ. ಸಣ್ಣದ್ ಸಾಕ್ ಅಂದ್ರಿ ನೀವ್."

ಅವನು ಹಿಂದಕ್ಕೆ ತಿರುಗಿ ನೋಡಿದ. ಮರಳಿನ ಮೇಲೆ ಅವನ ಗಾಳಿಪಟ ಗಾಳಿ ತುಂಬಿಕೊಂಡು ಮಲಗಿತ್ತು, ಎರಡು ಆಟೋರಿಕ್ಷಾ ಅದರ ಕೆಳಗೆ ನಿಲ್ಲಿಸಬಹುದಿತ್ತು. ಮತ್ತೆ ನನ್ನ ಒಂದೂವರೆ ಅಡಿಯದನ್ನು ನೋಡಿದ. ಅವನ ಮೀಸೆ ಅದುರತೊಡಗಿತು.

"ನಾನ್ ಹೇಳದ್ ಫೋಟೋ ಮರ್ರೆ! ಫಾರಮ್ಮಿಗೆ ಹಚ್ಚುಕೆ ಒಂದ್ ಸಣ್ಣ ಫೋಟೋ!"

ಅಮ್ಮನ ಮುಖ ಅರಳಿತು. "ಕಂಡ್ಯಾ? ನಾನ್ ತಂದಿದೆ" ಎಂದು ಚೀಲಕ್ಕೆ ಕೈ ಹಾಕಿ, ಗೋಡೆಯಿಂದ ಮೊಳೆ ಸಮೇತ ಕಿತ್ತು ತಂದ ಗಾಜಿನ ಕಟ್ಟಿನ ಪಟವನ್ನು ಹೊರತೆಗೆದಳು. ನಾನು ಆರು ವರ್ಷದವಳಿದ್ದಾಗ ಕುಂದಾಪುರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ಬರೆದ ಕಡಲು, ಮುಂದೆ ಹಲಗೆಯಲ್ಲಿ ಕತ್ತರಿಸಿದ ದೋಣಿ, ಅದರೊಳಗೆ ಕೆನ್ನೆಗೆ ಪೌಡರು ಮೆತ್ತಿಕೊಂಡು ಹುಟ್ಟು ಹಿಡಿದು ಕುಳಿತ ನಾನು. ಈ ಜನ್ಮದಲ್ಲಿ ನಾನು ಹತ್ತಿದ ಮೀನಿನ ದೋಣಿ ಅದೊಂದೇ, ಅದಕ್ಕೂ ತಳವಿರಲಿಲ್ಲ. ಸುಧಾಕರ ಕಟ್ಟನ್ನು ಫಾರಮ್ಮಿನ ಮೇಲಿಟ್ಟು ನೋಡಿದ. ಫಾರಮ್ಮು ಕಾಣದೇ ಹೋಯಿತು.

ಆಮೇಲೆ ವಿಚಾರಣೆ ಆಯಿತು. ತೆಕ್ಕಟ್ಟೆಯಲ್ಲಿ ಎಲ್ಲಿ, ಯಾರ ಮಗ, ಬಾವಿಯ ಹತ್ತಿರದ ಮನೆಯಾ, ಗದ್ದೆಯಾಚೆಯದಾ. ಎರಡು ನಿಮಿಷದಲ್ಲಿ ಅಮ್ಮ ಅವನ ಮನೆ ಹಿಡಿದಳು. "ನಿನ್ನ್ ಅಮ್ಮಂಗೆ ಹನ್ನೆರ್ಡ್ ವರ್ಷ ಮೀನ್ ಕೊಟ್ಟಿದೆ ಮಗಾ. ಬರೀ ಬಂಗುಡೆ ತಕಂಬುದ್, ಅದ್ರದ್ದೂ ಕಿವಿ ಎತ್ತಿ ಎತ್ತಿ ಕಾಂಬುದ್." ಸುಧಾಕರ ಅಲ್ಲಿಂದಾಚೆ ಅಮ್ಮನ ಮುಂದೆ ಅಂಗಿ ಹಾಕಿಕೊಂಡೇ ಇದ್ದ.

ಕಡಲಿನ ವಿಷಯ ಅಮ್ಮನಿಗೆ ಗೊತ್ತಾದದ್ದು ಫಾರಮ್ಮು ತುಂಬುವಾಗ. ಅವನು ಗಟ್ಟಿಯಾಗಿ ಓದುತ್ತ ಬರೆಯುತ್ತಿದ್ದ. ಹೆಸರು ಆಯಿತು, ವಯಸ್ಸು ಆಯಿತು, ಊರು ಗಂಗೊಳ್ಳಿ ಎಂದೂ ಆಯಿತು. "ನೀರಿಗಿಳಿಯುವವರಿಗೆ ಈಜು ಬರುತ್ತದೆಯೇ" ಎಂಬಲ್ಲಿಗೆ ಬಂದ. ನನಗೆ ಈಜು ಬಾರದು. ಮೊಣಕಾಲು ನೀರಿನಲ್ಲಿ ಈಜು ಕಲಿತವರು ಯಾರಿದ್ದಾರೆ? ಆದರೆ ಸುಧಾಕರ ತಲೆಯೆತ್ತಲೂ ಇಲ್ಲ.

"ಗಂಗೊಳ್ಳಿಯೋರ್ ಹತ್ರ ಇದೆಲ್ಲ ಕೇಂತ್ರಾ" ಎಂದು ತಾನೇ 'ಹೌದು' ಎಂಬುದರ ಮುಂದೆ ಗುರುತು ಹಾಕಿದ.

ನಾನು ತಿದ್ದಬಹುದಿತ್ತು. ದಿನಕ್ಕೆ ನಲವತ್ತು ಪುಸ್ತಕ ತಿದ್ದುವವಳು. ಆದರೆ ತೆಕ್ಕಟ್ಟೆಯ ಗದ್ದೆಯವನ ಎದುರು ಗಂಗೊಳ್ಳಿಯವಳು ಈಜು ಬಾರದು ಎನ್ನುವುದೇ? ಅಮ್ಮನ ಕಡೆ ನೋಡಿದೆ. ಅಮ್ಮ ಬಾಯಿ ತೆರೆದಿದ್ದಳು. ಊರಿನ ಮರ್ಯಾದೆ ಅವಳ ಗಂಟಲಲ್ಲೂ ಸಿಕ್ಕಿಕೊಂಡಿತು, ಬಾಯಿ ಮುಚ್ಚಿ ಮರಳಿನ ಮೇಲೆ ಕುಳಿತುಬಿಟ್ಟಳು.

ಪುಣ್ಯಕ್ಕೆ ಮೊದಲ ದಿನದ ಪಾಠ ನೆಲದ ಮೇಲೆ. ಒಂದು ಚಿಕ್ಕ ಗಾಳಿಪಟ, ಅದಕ್ಕೆ ಎರಡು ದಾರ, ದಾರದ ತುದಿಗೆ ಹಿಡಿದುಕೊಳ್ಳಲು ಅಡ್ಡಕೋಲು. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ಹತ್ತು ನಿಮಿಷದಲ್ಲಿ ನನಗೆ ಗರ್ವ ಬಂತು. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಒಮ್ಮೆಲೇ ಜೋರಾಗಿ ಪಟ ನನ್ನನ್ನು ಎಳೆಯತೊಡಗಿತು. ಸುಧಾಕರ ಹಿಂದಿನಿಂದ ಓಡಿ ಬರುತ್ತ ಕೂಗಿದ, "ಪಟ ಬಿಡಿ ಟೀಚ್ರೇ! ಪಟ ಬಿಡಿ!"

ನೀವೇ ಹೇಳಿ, ಹುಟ್ಟಿದಂದಿನಿಂದ ನಾವು ಗಾಳಿಪಟವನ್ನು ಏನು ಮಾಡುತ್ತೇವೆ? ಬಿಡುತ್ತೇವೆ. ಪಟ ಬಿಡುವುದು ಎಂದರೆ ಹಾರಿಸುವುದು. ನಾನು ಅದನ್ನೇ ಮಾಡುತ್ತಿದ್ದೇನಲ್ಲ! ಮೇಷ್ಟ್ರು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಇನ್ನೂ ಗಟ್ಟಿಯಾಗಿ ಹಿಡಿದೆ.

"ಬಿಡ್ತಾ ಇದ್ದೆ!" ಎಂದು ಕೂಗಿದೆ.

"ಎಲ್ಲಿ ಬಿಡ್ತಾ ಇದ್ರಿ! ಬಿಡಿ ಅಂದ್ರೆ ಬಿಡಿ ಮರ್ರೆ!"

ಹೀಗೆ ನಾನು ಬಿಡುತ್ತ, ಅವನು ಬಿಡಿ ಎನ್ನುತ್ತ, ತ್ರಾಸಿಯ ದಂಡೆಯ ಮೇಲೆ ಸುಮಾರು ದೂರ ಹೋದೆವು. ಒಣಹಾಕಿದ ಬಲೆ ದಾಟಿದೆ, ಐಸ್‌ಕ್ರೀಮು ತಿನ್ನುತ್ತಿದ್ದ ಒಂದು ಸಂಸಾರದ ನಡುವಿನಿಂದ ಹೊರಟೆ, ಅವರ ಚಾಪೆ ನನ್ನ ಕಾಲಿಗೆ ಸಿಕ್ಕಿ ಸ್ವಲ್ಪ ದೂರ ಜೊತೆಗೆ ಬಂತು. ಕೊನೆಗೆ ಮರಳಿನ ಮೇಲೆ ಹಬ್ಬಿದ ಬಳ್ಳಿಯಲ್ಲಿ ಬೋರಲಾಗಿ ಬಿದ್ದಾಗಲೂ ಕೋಲು ನನ್ನ ಕೈಯಲ್ಲೇ ಇತ್ತು. ರಸ್ತೆಯಲ್ಲಿ ನಿಂತಿದ್ದ ಬಸ್ಸಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನನ್ನ ಶಾಲೆಯ ಮಕ್ಕಳು ಯಾರೂ ಅದರಲ್ಲಿ ಇರಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಏದುಸಿರು ಬಿಡುತ್ತ ಬಂದ ಸುಧಾಕರ, "ಇನ್ನ್ಮೇಲೆ 'ಕೈ ಬಿಡಿ' ಅಂದ್ ಹೇಳ್ತೆ ಟೀಚ್ರೇ. ಗೋವದಂಗೆ ಇಂಗ್ಲೀಷಂಗೆ ಹೇಳಿ ಹೇಳಿ ನಂಗೆ ಗೊತ್ತಾಯ್ಲೇ ಇಲ್ಲೆ" ಎಂದ. ಅಮ್ಮ ಚಾಪೆಯನ್ನು ಅದರ ಸಂಸಾರಕ್ಕೆ ಮುಟ್ಟಿಸಿ ಬಂದು, "ಬಿಡ್ ಅಂದ್ರೆ ಹಿಡ್ಕಂಬುದ್. ಸಣ್ಣವ್ಳ್ ಇಪ್ಪತಿಗೂ ಹೀಂಗೇ" ಎಂದಳು. ಮುಂದಿನ ಭಾನುವಾರ ನೀರಿನಲ್ಲಿ ಪಾಠ ಎಂದು ಸುಧಾಕರ ಹೇಳಿದ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಗಂಗೊಳ್ಳಿ ಬರುವ ಹೊತ್ತಿಗೆ ಒಂದೇ ಮಾತು: "ನಿಂಗ್ ಈಜುಕ್ ಬತ್ತ್ ಅಂದೇಳಿ ನಂಗ್ ಗೊತ್ತೇ ಇರ್ಲಿಲ್ಲೆ."

ಆ ವಾರ ನಾನು ಈಜು ಕಲಿತೆ. ಎಲ್ಲಿ ಎಂದರೆ ಮಂಚದ ಮೇಲೆ. ಬಾಗಿಲು ಹಾಕಿಕೊಂಡು, ಹೊಟ್ಟೆಯಡಿ ದಿಂಬಿಟ್ಟುಕೊಂಡು, ಕೈಕಾಲು ಬಡಿಯುವುದು. ಮಂಗಳವಾರದ ಹೊತ್ತಿಗೆ ಉಸಿರು ಹಿಡಿಯುವುದೂ ಬಂತು. ಗುರುವಾರ ಅಮ್ಮ ಬಾಗಿಲು ನೂಕಿಕೊಂಡು ಒಳಗೆ ಬಂದಳು. ನಾನು ಕೈ ಮುಂದಕ್ಕೆ ಚಾಚಿ ಕಾಲು ಮೇಲೆತ್ತಿ ಹಾಗೇ ನಿಂತುಬಿಟ್ಟೆ, ಮಲಗಿದಲ್ಲೇ ನಿಲ್ಲುವುದು ಹೇಗೆ ಎಂದು ಕೇಳಬೇಡಿ.

"ಮಂಚದ್ ಮೇಲ್ ಮುಳ್ಗ್ದೋರ್ ಯಾರೂ ಇಲ್ಲೆ ಹೆಣೆ" ಎಂದಳು. "ಕಡಲಂಗೆ ಮುಳ್ಗ್ದೋರ್ ಇದ್ರ್. ನಿನ್ನ್ ಅಪ್ಪಯ್ಯ ಬಪ್ಪುದ್ ಒಂದ್ ದಿನ ತಡ ಆರೆ ನಂಗ್ ಅನ್ನ ಇಳೀತಿಲ್ಲೆ. ಈಗ ನೀನೂ ಹೊರ್ಟೆ."

ಹೋಗಬೇಡ ಎಂದು ಅವಳೂ ಹೇಳಲಿಲ್ಲ, ಹೋಗುವುದಿಲ್ಲ ಎಂದು ನಾನೂ ಹೇಳಲಿಲ್ಲ.

ಎರಡನೇ ಭಾನುವಾರ ನಾನು ಪಟ್ಟಿಯ ಪ್ರಕಾರ ಎಲ್ಲ ತಂದಿದ್ದೆ. ಸಣ್ಣ ಫೋಟೋ, ಅಂಗಡಿಯ ಕ್ರೀಮು, ಕನ್ನಡಕಕ್ಕೆ ದಾರ. ಅಮ್ಮ ಕರೆಯದೆಯೂ ಬಂದಳು, ಈ ಸಲ ಮೀನು ಮಾರುವ ಹಳೆಯ ಸೀರೆಯಲ್ಲಿ, ಒಂದೇ ಚೀಲ. ಸುಧಾಕರ ನನಗೆ ತೇಲುವ ಜಾಕೀಟು ತೊಡಿಸಿ, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದ. ಆ ಪಟ್ಟಿಯ ಹಿಂಬದಿಗೆ ಒಂದು ಹಿಡಿ. ಕಲಿಯುವವರು ಹಾರಿಹೋಗದಂತೆ ಕಲಿಸುವವನು ಹಿಡಿದುಕೊಳ್ಳಲು. ಅಷ್ಟರಲ್ಲಿ ಅಮ್ಮ ಚೀಲ ಬಿಚ್ಚಿ, ಹಗ್ಗದಲ್ಲಿ ಜೋಡಿಯಾಗಿ ಕಟ್ಟಿದ ಎರಡು ಒಣ ತೆಂಗಿನಕಾಯಿ ಹೊರತೆಗೆದಳು. ಸಿಪ್ಪೆ ಸಮೇತ, ಒಳ್ಳೆಯ ಗಾತ್ರದವು.

ಸುಧಾಕರ ಕೈಮುಗಿದ. "ಕಡಲಿಗೆ ಕಾಯಿ ಬಿಡುಕಾ ಅಮ್ಮಾ? ಬಿಡಿ ಬಿಡಿ, ಒಳ್ಳೇದೇ."

"ಕಡಲಿಗಲ್ಲ ಮಗಾ. ಇವ್ಳ ಹೊಟ್ಟಿ ಅಡಿಗೆ ಕಟ್ಟುಕೆ."

ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಈಜು ಕಲಿಯದ ಮಕ್ಕಳ ಹೊಟ್ಟೆಗೆ ಒಣ ಕಾಯಿ ಕಟ್ಟಿ ಹೊಳೆಗೆ ಬಿಡುವುದು ಎಲ್ಲರೂ ಕಂಡದ್ದೇ. ಆದರೆ ಆ ಮಕ್ಕಳಿಗೆ ಐದು ವರ್ಷವಿರುತ್ತದೆ. ಸುಧಾಕರ ಕಾಯಿ ನೋಡಿದ, ನನ್ನನ್ನು ನೋಡಿದ.

"ಟೀಚ್ರೇ, ಈಜುಕ್ ಬತ್ತಿಲ್ಯಾ?"

"ಬತ್ತಿಲ್ಲೆ" ಎಂದೆ. ನನ್ನ ದನಿ ಹೋಮ್‌ವರ್ಕು ಮಾಡದ ಮಕ್ಕಳ ದನಿಯ ಹಾಗೆಯೇ ಇತ್ತು.

ಅಮ್ಮ ಅವನಿಗೇ ಹೇಳಿದಳು, "ಗಂಗೊಳ್ಳಿ ಮರ್ಯಾದಿ ತೆಗ್ದೆ ಅಂದ್ರೂ ಅಡ್ಡಿಲ್ಲೆ ಮಗಾ. ನಂಗಿಪ್ಪುದ್ ಒಂದೇ ಹೆಣ್ಣ್."

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಫಾರಮ್ಮು ತೆಗೆದು, ತಾನೇ ಹಾಕಿದ ಗುರುತನ್ನು ತಾನೇ ಹೊಡೆದು ಹಾಕಿ, "ತಪ್ಪ್ ನಂದ್, ನಿಮ್ಮತ್ರ ಕೇಣ್ದೇ ಬರ್ದೆ. ಆರೆ ಇನ್ನ್ ನೀರಿನ್ ಪಾಠ ಆತಿಲ್ಲೆ" ಎಂದ. ಪಟ್ಟಿಯ ಬಕಲಿಗೆ ಕೈ ಹಾಕಿದ.

ನನಗೆ ಅಳು ಬಂತು. ಇಪ್ಪತ್ತೆಂಟು ವರ್ಷದ ಟೀಚರು, ತೇಲುವ ಜಾಕೀಟು ಹಾಕಿಕೊಂಡು, ಒಣ ನೆಲದ ಮೇಲೆ ನಿಂತು ಅತ್ತೆ. ಕಡಲ ಮಗ್ಗುಲಲ್ಲೇ ಹುಟ್ಟಿ, ದಿನಾ ಅದರ ಸದ್ದು ಕೇಳಿ ಮಲಗಿ ಎದ್ದು, ಅದನ್ನು ತಿಂದೇ ಬೆಳೆದು, ಮೊಣಕಾಲಿಗಿಂತ ಆಚೆ ಅದು ಹೇಗಿರುತ್ತದೆ ಎಂದು ಗೊತ್ತಿಲ್ಲದೇ ಸಾಯಬೇಕಾ ಎಂದು ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ. ಗಾಳಿಗೆ ಅರ್ಧ ಮಾತು ಹಾರಿಹೋಯಿತು.

ಸುಧಾಕರ ಬಕಲು ಬಿಚ್ಚಲಿಲ್ಲ. ಆಚೆ ಈಚೆ ನೋಡಿ ದನಿ ತಗ್ಗಿಸಿ, "ಯಾರ್ ಹತ್ರಾರೂ ಹೇಳ್ರೆ ಅಷ್ಟೇಯಾ ಮತ್ತೆ" ಎಂದ. "ನಂಗೂ ಇಪ್ಪತ್ನಾಲ್ಕ್ ವರ್ಷದ ತನ್ಕ ಈಜುಕ್ ಬತ್ತಿರ್ಲಿಲ್ಲೆ. ಗೋವದಂಗೆ ಒಂದ್ ಹೋಟ್ಲಿನ್ ಟ್ಯಾಂಕಿಯಂಗೆ ಕಲ್ತದ್. ನನ್ನ್ ಸೊಂಟ ಹಿಡ್ದ್ ಕಲ್ಸಿದ್ ಎಪ್ಪತ್ ವರ್ಷದ ಬಿಳಿ ಅಜ್ಜಿ."

ಅಮ್ಮ ಗೊಳ್ಳೆಂದು ನಕ್ಕಳು. ನಾನೂ ಮೂಗು ಸೊರಗುಟ್ಟುತ್ತ ನಕ್ಕೆ. ಅವನು ಕಡಲನ್ನು ನೋಡಿದ. ಇಳಿತದ ಹೊತ್ತು, ಅಲೆ ಸಣ್ಣದಿತ್ತು, ಗಾಳಿ ದಂಡೆಯುದ್ದಕ್ಕೆ ಬೀಸುತ್ತಿತ್ತು. ಹಲಗೆ ಇಲ್ಲ, ದೊಡ್ಡ ಪಟ ಇಲ್ಲ, ಆದರೆ ಸಣ್ಣ ಪಟ ಹಿಡಿದು ಸೊಂಟದ ನೀರಿನವರೆಗೆ ನಡೆದು ಹೋಗಬಹುದು ಎಂದ. ಒಂದೇ ತೊಡಕು. ಪಟ ಎಬ್ಬಿಸಿ ಕೊಡಲು ಅವನು ದಡದಲ್ಲಿರಬೇಕು, ಎದ್ದ ಮೇಲೆ ನನ್ನ ಹತ್ತಿರ ಬಂದು ಸೇರುತ್ತಾನೆ. ಅಲ್ಲಿಯವರೆಗೆ ಬೆನ್ನ ಹಿಂದಿನ ಹಿಡಿಯನ್ನು ಯಾರಾದರೂ ಹಿಡಿದಿರಬೇಕು.

"ನಾನ್ ಹಿಡ್ಕಂತೆ" ಎಂದಳು ಅಮ್ಮ.

"ನಿಮ್ಗೂ ಈಜುಕ್ ಬತ್ತಿಲ್ಲೆ ಅಲ್ದಾ ಅಮ್ಮಾ?"

"ಹಿಡ್ಕಂಬುಕೆ ಈಜು ಎಂತಕ್ಕೆ?"

ಅಮ್ಮನಿಗೂ ಒಂದು ಜಾಕೀಟು ಬಂತು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಚ್ಚೆ ಎತ್ತಿ ಕಟ್ಟಿ ನಿಂತ ಅವಳನ್ನು ನೋಡಲು ರಸ್ತೆಯಲ್ಲಿ ಎರಡು ಲಾರಿ ನಿಂತವು. ಅಮ್ಮ ಕ್ಯಾರೇ ಅನ್ನಲಿಲ್ಲ.

ನಡೆದೆವು. ಪಾದ ಮುಳುಗಿತು, ಮೀನಖಂಡ ಮುಳುಗಿತು, ಮೊಣಕಾಲು ಬಂತು. ಅಲ್ಲಿ ನಾವಿಬ್ಬರೂ ಒಮ್ಮೆ ತಡೆದೆವು, ಗೆರೆ ಎಳೆದ ಹಾಗೆ. ಸುಧಾಕರ ದಡದಿಂದ ಪಟ ಎಬ್ಬಿಸಿದ. ಅದು ಭರ್ರೆಂದು ಮೇಲೇರಿ ಕಡಲ ಕಡೆಗೆ ಓಲಿ ನನ್ನನ್ನು ಎಳೆಯಿತು. ನಾನು ಎರಡು ಹೆಜ್ಜೆ ಹೋದೆ, ಹಿಂದೆ ಅಮ್ಮ ಎರಡು ಹೆಜ್ಜೆ ಬಂದಳು. ಒಂದು ಅಲೆ ಬಂದು ಇಬ್ಬರನ್ನೂ ಕೂರಿಸಿ ಎಬ್ಬಿಸಿತು. ಬಾಯಿ ತುಂಬ ಉಪ್ಪು. ಕನ್ನಡಕ ದಾರದಲ್ಲಿ ತೂಗಾಡಿತು. ತೊಡೆ ಮುಳುಗಿ ಸೊಂಟಕ್ಕೆ ಬಂದಾಗ ನೀರು ಬೇರೆಯೇ ಆಯಿತು, ದಡದಲ್ಲಿ ಕಾಲಿಗೆ ತಾಗುವ ನೀರಲ್ಲ ಅದು, ತಣ್ಣಗೆ, ತೂಕವಾಗಿ ಮೈಯನ್ನು ಎತ್ತಿ ಎತ್ತಿ ನೋಡುವ ನೀರು. ಪಾದದ ಕೆಳಗೆ ಮರಳು ಜಾರಿತು. ಒಂದು ಕ್ಷಣ ನಾನು ನೆಲ ಬಿಟ್ಟೆ. ಪಟ ಮೇಲಿಂದ ಹಿಡಿದಿತ್ತು, ಅಮ್ಮ ಹಿಂದಿನಿಂದ ಹಿಡಿದಿದ್ದಳು, ನಡುವೆ ನಾನು ತೇಲಿದೆ. ಎಷ್ಟು ಸಂತೋಷವಾಯಿತೆಂದರೆ ಕೂಡಲೇ ಹೆದರಿಕೆಯೂ ಆಯಿತು.

ಸುಧಾಕರ ನೀರು ತುಳಿಯುತ್ತ ನಮ್ಮ ಕಡೆ ಬರುತ್ತಿದ್ದ. "ಸಾಕ್! ಸೊಂಟದ ನೀರ್ ಬಂತ್, ಅಲ್ಲೇ ನಿಲ್ಲಿ!"

"ಅಮ್ಮಾ, ಸಾಕ್. ಹಿಂದ್ ಹೋಪ" ಎಂದೆ.

ಹಿಂದಿನ ಹಿಡಿತ ಹಾಗೇ ಇತ್ತು. ಕತ್ತು ತಿರುಗಿಸಿ ನೋಡಿದೆ. ಅಮ್ಮನ ಅಂಬಡೆ ಬಿಚ್ಚಿ ಕೂದಲು ಮುಖಕ್ಕೆ ಅಂಟಿತ್ತು, ಗಲ್ಲದಿಂದ ನೀರಿಳಿಯುತ್ತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಪಟವನ್ನೂ ನೋಡುತ್ತಿರಲಿಲ್ಲ. ಅಪ್ಪನ ದೋಣಿ ಪ್ರತಿ ಸಲ ಸಣ್ಣದಾಗುತ್ತ ಹೋಗುವ ಆ ದೂರವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮೂವತ್ತು ವರ್ಷ ದಡದಲ್ಲಿ ನಿಂತು ನೋಡಿದ್ದನ್ನು ಈಗ ಒಳಗೆ ನಿಂತು ನೋಡುತ್ತಿದ್ದಳು.

"ಇನ್ನೊಂಚೂರ್ ಮುಂದ್ ಹೋಪ ಹೆಣೆ" ಎಂದಳು.